ಬೀದಿಗೆ ಹಚ್ಚುವ ದೀಪ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಾಗಲಿ, ಹಡಗಲಿ, ಕೂಡ್ಲಿಗಿ ಕಡೆಯ ಯಾವ ಊರಲ್ಲಾಗಲಿ, ಮನೆಗೆ ಎರಡು ದೀಪ. ಒಂದು ದೇವರ ಜಗಲಿಯದು. ಮೂರುಸಂಜೆ ಹೊತ್ತಿಗೆ ಕೈಕಾಲು ತೊಳೆದುಕೊಂಡು, ಬತ್ತಿ ಸರಿಮಾಡಿ ಹಚ್ಚುವ ಆ ದೀಪ ಮನೆಯವರದು, ಮನೆದೇವರದು. ಬೀದಿಯಲ್ಲಿ ಹೋಗುವವರಿಗೆ ಅದು ಕಾಣುವುದೂ ಇಲ್ಲ, ಕಾಣಬೇಕಾಗಿಯೂ ಇಲ್ಲ. ಇನ್ನೊಂದು ಹೊರಗಿನ ದೀಪ. ದೀಪಾವಳಿಗೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಪಣತಿ, ಕಾರ್ತಿಕಕ್ಕೆ ಮಾಳಿಗೆಯ ಮೇಲೆ ಏರಿಸಿದ ಆಕಾಶಬುಟ್ಟಿ, ಮದುವೆಗೆ ಚಪ್ಪರದಿಂದ ಇಳಿಬಿಟ್ಟ ಸೀರಿಯಲ್ ಸೆಟ್, ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳ ಮುಂದೆ ತೂಗುವ ನಕ್ಷತ್ರ, ಎಲ್ಲವೂ ಈ ಜಾತಿಯವೇ. ಇವನ್ನು ಹಚ್ಚಿದವರಿಗೆ ಒಳಗೆ ಕೂತು ನೋಡಲಾಗದು. ನೋಡಬೇಕೆಂದರೆ ಅವರೂ ಬೀದಿಗೆ ಇಳಿಯಬೇಕು.

ಕ್ರಿಸ್‌ಮಸ್ ಕಾಲದಲ್ಲಿ ಮನೆಯ ಮಾಡು, ಕಿಟಕಿ, ಗಿಡಗಳಿಗೆಲ್ಲ ದೀಪದ ಸರ ಸುತ್ತಿ, ಮೊದಲ ಸಂಜೆ ಮನೆಮಂದಿಯನ್ನೂ ನೆರೆಯವರನ್ನೂ ಹೊರಗೆ ನಿಲ್ಲಿಸಿ ಸ್ವಿಚ್ ಒತ್ತಿ ಸಂಭ್ರಮಿಸುವ ಪದ್ಧತಿ ಅಮೆರಿಕ, ಯುರೋಪುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ನಮ್ಮ ಪಟ್ಟಣಗಳಿಗೂ ಅದು ಬಂದಿದೆ. ಪರದೇಶದ ಆಡಂಬರ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊರಗಿನ ದೀಪ ಎಲ್ಲ ಕಡೆಯೂ ಒಂದೇ ಕೆಲಸಕ್ಕೆ ಹುಟ್ಟಿದ್ದು: ಅದು ಬರುವವರಿಗಾಗಿ ಇಟ್ಟ ದೀಪ. ಕಾರ್ತಿಕದ ಆಕಾಶಬುಟ್ಟಿಯನ್ನು ಕಂಡು ಬೆಳೆದವರಿಗೆ ಕ್ರಿಸ್‌ಮಸ್ ನಕ್ಷತ್ರ ಪರಕೀಯವಾಗುವ ಕಾರಣವೇ ಇಲ್ಲ.

ಈ ಸೀಮೆಯ ರಾತ್ರಿಯನ್ನು ನೋಡಿದರೆ ಹೊರಗಿನ ದೀಪದ ಬೆಲೆ ತಿಳಿಯುತ್ತದೆ. ತಂಬ್ರಹಳ್ಳಿಗೆ ಬಂಡೆ ರಂಗನಾಥಸ್ವಾಮಿಯ ಗುಡ್ಡವಿದೆ, ತುಂಗಭದ್ರೆಯ ಹಿನ್ನೀರೂ ದೂರವಿಲ್ಲ. ಉಳಿದದ್ದೆಲ್ಲ ಬಯಲು: ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಹೊಲಗಳು. ಮರೆಯಾಗಲು ಕಾಡಿಲ್ಲ, ಎತ್ತರದ ಕಟ್ಟಡಗಳಿಲ್ಲ. ಒಂದು ಹೊಲದ ಮನೆಯಲ್ಲಿ ಬಲ್ಬು ಹತ್ತಿದರೆ ಎಷ್ಟೋ ದೂರಕ್ಕೆ ಕಾಣುತ್ತದೆ. ಈಗೀಗ ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿದ್ದು, ಅವುಗಳ ನೆತ್ತಿಯ ಕೆಂಪು ದೀಪಗಳು ರಾತ್ರಿಯಿಡೀ ಮಿಣುಕುತ್ತವೆ. ಅವು ವಿಮಾನಗಳಿಗೆ ಇಟ್ಟ ಎಚ್ಚರಿಕೆಯ ದೀಪಗಳು, ಹತ್ತಿರ ಬರಬೇಡ ಎಂದು ಹೇಳುವಂಥವು. ಮನೆಯ ಮುಂದಿನ ದೀಪ ಹೇಳುವುದು ಇದಕ್ಕೆ ತದ್ವಿರುದ್ಧದ ಮಾತನ್ನು.

ಕಾರ್ತಿಕ ಮಾಸದಲ್ಲಿ ಆಕಾಶದೀಪ ಹಚ್ಚುವುದಕ್ಕೆ ಹಿರಿಯರು ಹೇಳುವ ಕಾರಣ ಪಿತೃಗಳದು. ಮಹಾಲಯದಲ್ಲಿ ಭೂಮಿಗೆ ಬಂದ ಹಿರಿಯರು ಮರಳಿ ಹೋಗುವ ದಾರಿ ಕತ್ತಲಾಗಬಾರದು, ಅದಕ್ಕೇ ಎತ್ತರದಲ್ಲಿ ದೀಪ. ಈಗ ಅಂಗಡಿಯಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಬುಟ್ಟಿ ಸಿಗುತ್ತದೆ. ಕೈಯಿಂದ ಮಾಡುವ ಆಕಾಶಬುಟ್ಟಿಯ ಕೆಲಸ ಮಾತ್ರ ಒಂದು ಮಧ್ಯಾಹ್ನ ಪೂರ್ತಿ ಬೇಡುತ್ತದೆ. ಬಿದಿರನ್ನು ಸೀಳಿ ಒಂದೇ ಅಳತೆಯ ಕಡ್ಡಿ ಮಾಡಿಕೊಳ್ಳಬೇಕು. ಗಂಟು ಇರುವ ಕಡೆ ಕಡ್ಡಿ ಬಾಗದೆ ಮುರಿಯುತ್ತದೆ, ಅದಕ್ಕೆ ಗಂಟು ಬಿಟ್ಟು ಸೀಳಬೇಕು. ನಾಲ್ಕು ನಾಲ್ಕು ಕಡ್ಡಿಗಳ ಚೌಕ ಕಟ್ಟಿ, ಚೌಕಗಳನ್ನು ಮೂಲೆಯಿಂದ ಮೂಲೆಗೆ ಜೋಡಿಸಿ ದಾರದಲ್ಲಿ ಬಿಗಿದರೆ ಹಂದರ ನಿಲ್ಲುತ್ತದೆ. ಮೈದಾ ಕುದಿಸಿದ ಅಂಟು ಹಚ್ಚಿ ಬಣ್ಣದ ಹಾಳೆ ಹೊದಿಸುವಾಗ ಹಾಳೆಯನ್ನು ಎಳೆಯಬಾರದು. ಅಂಟು ಒಣಗಿದಾಗ ಅದೇ ಬಿಗಿದುಕೊಳ್ಳುತ್ತದೆ, ಮೊದಲೇ ಎಳೆದಿದ್ದರೆ ಹರಿಯುತ್ತದೆ. ಕೆಳಗೆ ಬಾಲಂಗೋಚಿ, ಮೇಲೆ ಬಿಸಿಗಾಳಿ ಹೋಗಲು ಬಾಯಿ. ಒಳಗೆ ಹಿಂದೆ ಪಣತಿ ಇರುತ್ತಿತ್ತು, ಆಮೇಲೆ ಬಲ್ಬು ಬಂತು. ಉದ್ದ ಗಳುವಿಗೆ ರಾಟೆ ಕಟ್ಟಿ, ಹಗ್ಗ ಎಳೆದು ಏರಿಸುವ ಮೊದಲ ಸಂಜೆ ಓಣಿಯ ಹುಡುಗರೆಲ್ಲ ಅಲ್ಲೇ ಇರುತ್ತಾರೆ. ಗಾಳಿಗೆ ಬುಟ್ಟಿ ಎಷ್ಟು ಓಲಾಡುತ್ತದೆ, ಹಾಳೆ ಹರಿಯುತ್ತದೋ ಉಳಿಯುತ್ತದೋ ಎಂಬುದರ ಮೇಲೆ ಎಲ್ಲರ ಕಣ್ಣು.

ಕಾರ್ತಿಕದಲ್ಲಿ ಈ ಕಡೆಯ ಗುಡಿಗಳ ಮುಂದಿನ ದೀಪಮಾಲೆ ಕಂಬಗಳಿಗೆ ಎಣ್ಣೆ ಬೀಳುತ್ತದೆ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ಕಾರ್ತಿಕೋತ್ಸವಕ್ಕೆ ಸುತ್ತಲಿನ ಊರುಗಳ ಜನ ಎಣ್ಣೆ, ಬತ್ತಿ ಹಿಡಿದು ಹೋಗುತ್ತಾರೆ. ಲಂಬಾಣಿ ತಾಂಡಾಗಳಲ್ಲಂತೂ ದೀಪ ಇದ್ದಲ್ಲಿ ಇರುವುದಿಲ್ಲ, ಅದೇ ಮನೆಮನೆಗೆ ನಡೆಯುತ್ತದೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ಕನ್ನಡಿ ತುಂಬಿದ ಉಡುಗೆ ತೊಟ್ಟು, ಕೈಯಲ್ಲಿ ದೀಪ ಹಿಡಿದು ಮೊದಲು ನಾಯಕನ ಮನೆಗೆ, ಆಮೇಲೆ ತಾಂಡಾದ ಪ್ರತಿ ಮನೆಗೂ ಹೋಗಿ ಹಾಡಿ ಹರಸುತ್ತಾರೆ. ಮೇರಾ ಎಂದು ಕರೆಯುವ ಈ ಆಚರಣೆಗೆ ಮನೆಯವರು ಕಾಣಿಕೆ ಕೊಟ್ಟು ಕಳಿಸುತ್ತಾರೆ. ಮಾರನೇ ಬೆಳಿಗ್ಗೆ ಅದೇ ಹುಡುಗಿಯರು ಹೂ ಕೊಯ್ಯಲು ಅಡವಿಗೆ ಹೊರಡುತ್ತಾರೆ. ಡಿಸೆಂಬರ್ ರಾತ್ರಿಗಳಲ್ಲಿ ಚರ್ಚಿನ ಹಾಡುಗಾರರ ಗುಂಪು ನಕ್ಷತ್ರ ತೂಗಿದ ಮನೆಗಳಿಗೆ ಹೋಗಿ ಕ್ಯಾರೊಲ್ ಹಾಡಿ ಬರುವುದನ್ನು ನೋಡಿದವರಿಗೆ ಮೇರಾ ನೆನಪಾಗದೆ ಇರದು. ಎರಡೂ ಕಡೆ ಹಾಡು ಬಾಗಿಲಿಗೆ ಬರುತ್ತದೆ, ಬಾಗಿಲಿನವರು ಹೊರಗೆ ಬಂದು ನಿಲ್ಲುತ್ತಾರೆ.

ಈ ಊರುಗಳಿರುವ ಬಳ್ಳಾರಿ ಸೀಮೆಗೆ ಕ್ರೈಸ್ತ ಹಬ್ಬದ ನಂಟು ಹೊಸದೇನಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡಕ್ಕೆ ಬೈಬಲ್ ಅನುವಾದಿಸುವ ಕೆಲಸದ ದೊಡ್ಡ ಪಾಲು ನಡೆದದ್ದು ಅಲ್ಲಿಯೇ. ಅವರ ಜೊತೆಗಾರ ವಿಲಿಯಂ ರೀವ್ ಮುಂದೆ ಕನ್ನಡ ನಿಘಂಟು ರಚಿಸಿದರು. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ರೂಪುಗೊಂಡಿತು. ಹೀಗೆ ಇನ್ನೂರು ವರ್ಷಕ್ಕೂ ಮೀರಿದ ಕಾಲದಿಂದ ಇಲ್ಲಿನ ಕನ್ನಡ ಮಾತಿನಲ್ಲಿಯೇ ಕ್ರಿಸ್ತಜಯಂತಿ ನಡೆದುಬಂದಿದೆ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಈ ಸಂಭ್ರಮಕ್ಕೆ ಎರಡು ಕಣ್ಣು: ಒಂದು ನಕ್ಷತ್ರ, ಇನ್ನೊಂದು ಗೋದಲಿ. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಕ್ರಿಸ್‌ಮಸ್ ರಾತ್ರಿಯ ಪೂಜೆ ನಡೆಸಿದ್ದು ಇದರ ಮೂಲವೆನ್ನುತ್ತಾರೆ. ಎತ್ತು, ಕೊಟ್ಟಿಗೆ, ಮೇವಿನ ಗೋದಲಿ ಇವೆಲ್ಲ ನಮ್ಮ ಹಳ್ಳಿಯವರಿಗೆ ವಿವರಿಸಿ ಹೇಳಬೇಕಾದ ವಸ್ತುಗಳೇ ಅಲ್ಲ. ನಕ್ಷತ್ರದ ಕತೆ ಇನ್ನೂ ಚೆನ್ನ. ಬೆತ್ಲೆಹೇಮಿನ ಮೇಲೆ ಮೂಡಿದ ತಾರೆಯನ್ನು ಹಿಂಬಾಲಿಸಿ ಪೂರ್ವ ದೇಶದ ಜ್ಞಾನಿಗಳು ಬಂದರೆಂಬುದು ಬೈಬಲಿನ ಮಾತು. ಅದನ್ನು ಕಾಗದದಲ್ಲಿ ಮಾಡಿ ಒಳಗೆ ದೀಪವಿಡುವ ಹೆಸರಾಂತ ಪರಂಪರೆಯೊಂದು ಶುರುವಾದದ್ದು 1830ರ ದಶಕದಲ್ಲಿ, ಜರ್ಮನಿಯ ಮೊರೇವಿಯನ್ ಸಮುದಾಯದ ಒಂದು ಶಾಲೆಯಲ್ಲಿ. ಮಕ್ಕಳಿಗೆ ರೇಖಾಗಣಿತ ಕಲಿಸುವುದಕ್ಕೆಂದು ಅಲ್ಲಿ ಹಲವು ಮುಖಗಳ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಚೌಕಗಳಿಂದ ಆಕಾಶಬುಟ್ಟಿ ಕಟ್ಟುವ ನಮ್ಮ ಹುಡುಗರು ಮಾಡುವುದೂ ಅದೇ ಲೆಕ್ಕವನ್ನು.

ನಮ್ಮಲ್ಲಿ ಮಾರುವ ಐದು ಮೂಲೆಯ ನಕ್ಷತ್ರವನ್ನು ಕೈಗೆ ತಗೊಂಡು ನೋಡಿ. ಚಪ್ಪಟೆಯಾಗಿ ಮಡಿಸಿಟ್ಟ ದಪ್ಪ ಹಾಳೆ. ಮೈತುಂಬ ಕೊರೆದ ಸಣ್ಣ ಸಣ್ಣ ತೂತು, ತೂತುಗಳಿಗೆ ಹಿಂದಿನಿಂದ ಅಂಟಿಸಿದ ಬಣ್ಣದ ತೆಳು ಹಾಳೆ. ಬಿಡಿಸಿ ಉಬ್ಬಿಸಿದರೆ ಹೊಟ್ಟೆ ಬರುತ್ತದೆ. ಬೆನ್ನಲ್ಲಿ ಸೀಳಿದ ಜಾಗದಿಂದ ಬಲ್ಬ್ ಹೋಲ್ಡರ್ ಒಳಗೆ ಇಳಿಸಿ, ಮೇಲಿನ ಮೂಲೆಯ ದಾರದಿಂದ ಕಟ್ಟಬೇಕು. ಹಗಲಲ್ಲಿ ಅದು ಬರೀ ಕಾಗದ. ಸಂಜೆ ಸ್ವಿಚ್ ಹಾಕಿದ ಕೂಡಲೇ ತೂತುಗಳ ಚಿತ್ತಾರ ಗೋಡೆಯ ಮೇಲೆಲ್ಲ ಚೆಲ್ಲುತ್ತದೆ. ನಕ್ಷತ್ರಕ್ಕಿಂತ ಅದರ ನೆರಳನ್ನೇ ಮಕ್ಕಳು ಹೆಚ್ಚು ಹೊತ್ತು ನೋಡುತ್ತಾರೆ.

ಇನ್ನು ದೀಪದ ಸರದ ಮಾತು. ಗಣೇಶನ ಪೆಂಡಾಲಿಗೆ, ಉರುಸಿಗೆ, ಜಾತ್ರೆಗೆ, ಮದುವೆಗೆ ನಾವು ಹಾಕುವ ಸೀರಿಯಲ್ ಸೆಟ್ ಹುಟ್ಟಿದ್ದೇ ಕ್ರಿಸ್‌ಮಸ್ ಹಬ್ಬದಲ್ಲಿ. ಅಲ್ಲಿಯವರೆಗೆ ಯುರೋಪಿನವರು ಕ್ರಿಸ್‌ಮಸ್ ಮರದ ಕೊಂಬೆಗಳಿಗೆ ಮೇಣದಬತ್ತಿ ಸಿಕ್ಕಿಸಿ ಹಚ್ಚುತ್ತಿದ್ದರು. ಒಣಗಿದ ಮರ, ತೆರೆದ ಬೆಂಕಿ. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಕೆಲವೇ ನಿಮಿಷ ಹಚ್ಚಿ ಆರಿಸಿಬಿಡುವುದು ವಾಡಿಕೆಯಾಗಿತ್ತು. ಥಾಮಸ್ ಎಡಿಸನ್ನರ ಕಂಪನಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರವನ್ನು ಚಾಲೂ ಮಾಡಿದ್ದು 1882ರ ಸೆಪ್ಟೆಂಬರ್ 4ರಂದು. ಅದೇ ವರ್ಷ ಡಿಸೆಂಬರ್ 22ರಂದು ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಹಜಾರದ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ವಿದ್ಯುತ್ ಬಲ್ಬುಗಳನ್ನು ಪೋಣಿಸಿ ಹಚ್ಚಿದರು. ಮರವನ್ನು ತಿರುಗುವ ಪೀಠದ ಮೇಲೆ ನಿಲ್ಲಿಸಿದ್ದರು. ಮರ ಸುತ್ತಿದಂತೆ ಸಂಪರ್ಕ ಕಡಿದು ಕೂಡಿ, ಒಂದು ಬಣ್ಣ ಆರಿ ಇನ್ನೊಂದು ಬಣ್ಣ ಹತ್ತುತ್ತಿತ್ತು. ಇವತ್ತು ನಮ್ಮ ಜಾತ್ರೆಯ ಮಂಟಪದಲ್ಲಿ ಓಡುವ ದೀಪಗಳ ಮೂಲಪುರುಷ ಆ ಮರವೇ. ಜಾನ್ಸನ್ ಪತ್ರಕರ್ತರನ್ನು ಮನೆಗೆ ಕರೆಸಿಕೊಂಡಿದ್ದರು. ಮನೆಯ ದೀಪಾಲಂಕಾರದ ಮೊದಲ ಬೆಳಗು ಹೀಗೆ ಸುದ್ದಿಯಾಯಿತು.

ಆಗ ಅದು ಸಿರಿವಂತರ ಸಂಗತಿ. ಬಲ್ಬುಗಳನ್ನು ಒಂದೊಂದಾಗಿ ತಂತಿಗೆ ಬೆಸೆಯಲು ಕಸುಬುದಾರನನ್ನೇ ಕರೆಸಬೇಕಿತ್ತು. ಮೊದಲೇ ಜೋಡಿಸಿದ ಸರಗಳು 1903ರ ಹೊತ್ತಿಗೆ ಅಮೆರಿಕದ ಅಂಗಡಿಗೆ ಬಂದ ಮೇಲೆ ಸಾಮಾನ್ಯರ ಮನೆಗೂ ದಾರಿಯಾಯಿತು. 1923ರ ಕ್ರಿಸ್‌ಮಸ್ ಹಿಂದಿನ ಸಂಜೆ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ವಾಷಿಂಗ್ಟನ್ನಿನಲ್ಲಿ ಗುಂಡಿ ಒತ್ತಿ ರಾಷ್ಟ್ರದ ಕ್ರಿಸ್‌ಮಸ್ ಮರವನ್ನು ಬೆಳಗಿಸಿದರು. ಅಂದಿನಿಂದ ಅಲ್ಲಿ ದೀಪ ಹಚ್ಚುವ ಗಳಿಗೆಯೇ ಒಂದು ಸಮಾರಂಭವಾಗಿ ನಿಂತಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮಾಡಿದ ಉಪಕಾರ ನೆನೆದು ನಾರ್ವೆಯ ಜನ 1947ರಿಂದ ಪ್ರತಿವರ್ಷ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಒಂದು ಮರ ಕಳಿಸುತ್ತಾರೆ. ಅದರ ದೀಪ ಹಚ್ಚುವ ಸಂಜೆಗೂ ಜನ ಸೇರುತ್ತಾರೆ. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಮರದ ಕತೆ ಇವೆಲ್ಲಕ್ಕಿಂತ ನನಗೆ ಇಷ್ಟ. ದುಡಿಮೆಗೆ ಬರ ಬಂದಿದ್ದ 1931ರಲ್ಲಿ ಅಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳೇ ಒಂದು ಮರ ತಂದು ನಿಲ್ಲಿಸಿ, ಕಾಗದದ ಹಾರ ಹಾಕಿ, ಅದರ ಬಳಿಯೇ ಸಂಬಳ ಪಡೆಯಲು ಸಾಲುಗಟ್ಟಿ ನಿಂತರು. ಅಧಿಕೃತವಾಗಿ ದೀಪ ಹಚ್ಚಿದ್ದು ಎರಡು ವರ್ಷಗಳ ಮೇಲೆ.

ನಮ್ಮ ಕಡೆ ಕರೆಂಟು ಬಂದ ದಾರಿ ಬೇರೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ತುಂಗಭದ್ರಾ ಅಣೆಕಟ್ಟು ನೀರು ಹಿಡಿದದ್ದೂ ಅದೇ ವರ್ಷ. ಊರುಗಳಿಗೆ ಕಂಬ ಬಂದರೂ ಮನೆಗಳಿಗೆ ತಂತಿ ಬರಲು ದಶಕಗಳೇ ಹಿಡಿದವು. ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದು ಒಂದೇ ಒಂದು ಬಲ್ಬು. ಆ ಒಂದು ಬಲ್ಬನ್ನು ಅಡುಗೆಮನೆಗೆ ಹಾಕುವುದೋ, ಪಡಸಾಲೆಗೆ ಹಾಕುವುದೋ? ಎಷ್ಟೋ ಮನೆಗಳವರು ಅದನ್ನು ಬಾಗಿಲ ನೆತ್ತಿಯ ಮೇಲೆ ತೂಗಿಹಾಕಿದರು. ಒಳಗೂ ಬೆಳಕು, ಕಟ್ಟೆಗೂ ಬೆಳಕು. ಇರುವ ಒಂದು ದೀಪದಲ್ಲೂ ಬೀದಿಗೆ ಅರ್ಧ ಪಾಲು ಕೊಟ್ಟ ಜನ ಅವರು. ಹೊರಗಿನ ದೀಪ ಶೋಕಿ ಎನ್ನುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಬಾಗಿಲುಗಳು.

ಹಳೆಯ ಸೀರಿಯಲ್ ಸೆಟ್ಟಿನ ಲೆಕ್ಕ ಸರಳ. ಮನೆಗೆ ಬರುವುದು 230 ವೋಲ್ಟ್. ಟಾರ್ಚಿನ ಬಲ್ಬಿನಂಥ ಸಣ್ಣ ಬಲ್ಬಿಗೆ 6 ವೋಲ್ಟ್ ಸಾಕು. ಹಾಗಾಗಿ ಸುಮಾರು 38 ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಪೋಣಿಸಿದರೆ ವೋಲ್ಟೇಜು ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಒಂದು ಸುಟ್ಟರೆ ಕರೆಂಟಿನ ದಾರಿಯೇ ಕಡಿದು ಇಡೀ ಸರ ಆರುತ್ತದೆ. ಆಗ ಮೆಕ್ಯಾನಿಕ್ಕು ಏಣಿ ಹತ್ತಿ, ಟೆಸ್ಟರ್ ಹಿಡಿದು ಒಂದೊಂದೇ ಬಲ್ಬು ತಡಕುತ್ತ ಹೋಗಬೇಕು. ಜಾತ್ರೆಗೆ ಇನ್ನೊಂದು ತಾಸು ಇರುವಾಗ ಈ ಹುಡುಕಾಟ ನಡೆದರೆ ಕೆಳಗೆ ನಿಂತ ಹಿರಿಯರ ಸಹನೆಗೂ ಪರೀಕ್ಷೆ. ಮುಂದೆ ಬಂದ ಪುಟ್ಟ ಬಲ್ಬುಗಳಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು. ತಂತುವಿನ ಬುಡದಲ್ಲಿ ತೆಳುವಾದ ಪದರ ಲೇಪಿಸಿದ ಇನ್ನೊಂದು ಎಳೆ ಸುತ್ತಿರುತ್ತಾರೆ. ತಂತು ಕಡಿದ ಕೂಡಲೇ ಆ ಬಲ್ಬಿನ ಮೇಲೆ ಪೂರ್ತಿ ವೋಲ್ಟೇಜು ಬಿದ್ದು, ಲೇಪ ಸೀಳಿ, ಕರೆಂಟು ಎಳೆಯ ಮೂಲಕ ಹಾದುಹೋಗುತ್ತದೆ. ಬಲ್ಬು ಸತ್ತರೂ ಸರ ಉಳಿಯುತ್ತದೆ. ಆದರೆ ಅದರ ಪಾಲಿನ ವೋಲ್ಟೇಜನ್ನು ಉಳಿದವು ಹೊರಬೇಕು. ಸತ್ತವನ್ನು ಬದಲಿಸದೆ ಬಿಟ್ಟರೆ ಒಂದರ ಹಿಂದೆ ಒಂದು ಬೇಗ ಬೇಗ ಹೋಗುತ್ತವೆ.

ಎಲ್‌ಇಡಿ ಬಂದು ಈ ಕತೆಯನ್ನೇ ಬದಲಿಸಿತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ನಿಕ್ ಹೊಲೊನ್ಯಾಕ್ ತೋರಿಸಿಕೊಟ್ಟರು. ಹಸಿರೂ ಬಂತು. ನೀಲಿ ಮಾತ್ರ ಮೂವತ್ತು ವರ್ಷ ಸತಾಯಿಸಿತು. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರಾ ಅದನ್ನು ಸಾಧಿಸಿದ್ದಕ್ಕೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಸಿಕ್ಕ ಮೇಲೆ ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ ಹಚ್ಚಿ ಬಿಳಿ ಬೆಳಕನ್ನೂ ಮಾಡಿಕೊಂಡರು. ಹಗರಿಬೊಮ್ಮನಹಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಉಂಡೆ ಸುತ್ತಿ ತೂಗಿಹಾಕಿರುವ ನೀಲಿ ಸರದ ಹಿಂದೆ ಇಷ್ಟು ಶ್ರಮವಿದೆ.

ಖರ್ಚಿನ ಮಾತನ್ನೂ ಆಡಿಬಿಡೋಣ. 5 ವ್ಯಾಟಿನ ಒಂದು ಎಲ್‌ಇಡಿ ಸರವನ್ನು ಸಂಜೆ 6ರಿಂದ ರಾತ್ರಿ 11ರವರೆಗೆ ಒಂದು ತಿಂಗಳು ಹಚ್ಚಿದರೆ ಮುಕ್ಕಾಲು ಯೂನಿಟ್ಟು. ಹತ್ತು ಸರ ಹಾಕಿದರೂ ಏಳೂವರೆ ಯೂನಿಟ್ಟು. ತಂತು ಬಲ್ಬಿನ ಕಾಲದಲ್ಲಿ ಇದರ ನಾಲ್ಕೈದು ಪಟ್ಟು ಬೀಳುತ್ತಿತ್ತು, ಅದರಲ್ಲೂ ಬಹುಪಾಲು ಬರೀ ಕಾವಾಗಿ ಹೋಗುತ್ತಿತ್ತು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವಾದರೂ, ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿದ ಮಿತಿ ಇದೆ. ಒಂದೆರಡು ಎಲ್‌ಇಡಿ ಸರಕ್ಕೆ ಆ ಮಿತಿಯೊಳಗೆ ಸಾಮಾನ್ಯವಾಗಿ ಜಾಗವಿರುತ್ತದೆ.

ಹಣಕ್ಕಿಂತ ಜೀವದ ಚಿಂತೆ ದೊಡ್ಡದು. ಅಗ್ಗದ ಸರಗಳ ತಂತಿ ತೀರಾ ಸಣ್ಣದು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಸಿಲಿಗೆ ಬಿರುಕು ಬಿಡುತ್ತದೆ. ನಮ್ಮ ಮನೆಗಳ ಮಾಡಿನಲ್ಲಿ ತಗಡು, ಗೇಟಿನಲ್ಲಿ ಕಬ್ಬಿಣ. ಬಿರುಕು ಬಿಟ್ಟ ತಂತಿ ತಗಡಿಗೆ ತಾಗಿದರೆ ಇಡೀ ತಗಡೇ ಕರೆಂಟಾಗುತ್ತದೆ, ಬಟ್ಟೆ ಒಣಹಾಕುವ ತಂತಿಯೂ ಆಗುತ್ತದೆ. ಸರವನ್ನು ಕಬ್ಬಿಣಕ್ಕೆ ನೇರ ಕಟ್ಟದೆ ಬಿದಿರ ಗಳುವಿಗೋ ಪ್ಲಾಸ್ಟಿಕ್ ಪೈಪಿಗೋ ಕಟ್ಟಬೇಕು. ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆ ನೀರು ಬೀಳುವ ಜಾಗದಲ್ಲಿ ಇರಬಾರದು. ಹೊರಗೆ ಹಾಕಲೆಂದೇ ಮಾಡಿದ, ನೀರು ತಡೆಯುವ ಸರವನ್ನೇ ಕೇಳಿ ತರಬೇಕು. ಕಂಬದ ತಂತಿಗೆ ಕೊಕ್ಕೆ ಹಾಕುವ ಮಾತಂತೂ ಬೇಡವೇ ಬೇಡ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಹಾಕಿಸಿಕೊಂಡರೆ ಕರೆಂಟು ಸೋರಿದ ಕ್ಷಣಾರ್ಧದಲ್ಲಿ ಅದು ಬೀಳುತ್ತದೆ. ಹಬ್ಬದ ಬಟ್ಟೆಗೆ ಖರ್ಚು ಮಾಡುವವರು ಇದಕ್ಕೂ ಒಮ್ಮೆ ಖರ್ಚು ಮಾಡಬೇಕು.

ಮೇಲಿನ ಲೆಕ್ಕದಂತೆ ರಾತ್ರಿ 11ಕ್ಕೆ ದೀಪ ಆರಿಸಿ ಎನ್ನುವುದಕ್ಕೆ ಖರ್ಚಲ್ಲದೆ ಇನ್ನೊಂದು ಕಾರಣವೂ ಇದೆ. ಇದೇ ತಾಲ್ಲೂಕಿನ ಅಂಕಸಮುದ್ರದ ಕೆರೆ ಪಕ್ಷಿಗಳ ತಾಣ, ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಚಳಿಗಾಲದಲ್ಲಿ ದೂರ ದೂರದಿಂದ ಹಕ್ಕಿಗಳು ಇಲ್ಲಿಗೆ ಬರುತ್ತವೆ. ರಾತ್ರಿ ಹಾರುವ ಹಕ್ಕಿಗಳನ್ನು ಅತಿಯಾದ ಬೆಳಕು ದಾರಿ ತಪ್ಪಿಸುತ್ತದೆ. ಬರುವವರಿಗಾಗಿ ಇಟ್ಟ ದೀಪ ಬರುವ ಹಕ್ಕಿಗೆ ಕೇಡಾಗಬಾರದು.

ಮೊದಲ ಸಂಜೆಯ ಸಂಭ್ರಮ ಎಲ್ಲ ಕಡೆ ಒಂದೇ ಥರ. ಒಬ್ಬರು ಒಳಗೆ ಸ್ವಿಚ್ಚಿನ ಹತ್ತಿರ, ಉಳಿದವರು ಬೀದಿಯಲ್ಲಿ. ಒಳಗಿನಿಂದ, “ಹಚ್ಚಲೇನಬೇ?” ಎಂದು ಕೂಗು. ಹೊರಗಿನಿಂದ, “ತಡಿಯೋ ಮಗಾ, ಅಜ್ಜ ಇನ್ನೂ ಹೊರಗ ಬಂದಿಲ್ಲ.” ಅಜ್ಜ ಬಂದು ಕಟ್ಟೆಗೆ ಕೂತ ಮೇಲೆ ಬೆಳಕು ಬರುತ್ತದೆ. ಯಾವುದೋ ಒಂದು ಎಳೆ ಹತ್ತಿರುವುದಿಲ್ಲ, ಅದನ್ನು ಎಲ್ಲರಿಗಿಂತ ಮೊದಲು ಪಕ್ಕದ ಮನೆಯವರು ಕಂಡುಹಿಡಿದು ಹೇಳುತ್ತಾರೆ. ಸ್ವಿಚ್ಚಿನ ಬಳಿ ಇದ್ದವನು ಓಡಿ ಬಂದು, ತಾನು ಹಚ್ಚಿದ್ದನ್ನು ತಾನೇ ಕಡೆಗೆ ನೋಡುತ್ತಾನೆ. ಈ ಸಂಭ್ರಮದ ತಿರುಳೆಲ್ಲ ಇರುವುದು ಇಲ್ಲಿ: ಮನೆಯವರು ಹೊರಗೆ ನಿಂತು, ದಾರಿಹೋಕರ ಕಣ್ಣಿನಿಂದ ತಮ್ಮ ಮನೆಯನ್ನು ನೋಡುವ ಸಂದರ್ಭ ವರ್ಷದಲ್ಲಿ ಇನ್ನು ಯಾವಾಗ ಬರುತ್ತದೆ?

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಎರಡು ಹಬ್ಬಗಳೂ ಒಂದೇ ಸರದಲ್ಲಿ ಕೂಡಿಕೊಂಡಿವೆ. ಅಲ್ಲಿನ ಅಂಗಡಿಗಳಿಗೆ ಕ್ರಿಸ್‌ಮಸ್ ದೀಪಗಳು ಬರುವ ಹೊತ್ತಿಗೆ ನಮ್ಮವರ ದೀಪಾವಳಿ. ಅವನ್ನೇ ತಂದು ಹಚ್ಚಿ, ಹೊಸ ವರ್ಷದವರೆಗೆ ಇಳಿಸದೆ ಬಿಡುವ ಮನೆಗಳು ಎಷ್ಟೋ. ಬೀದಿಯಲ್ಲಿ ಮೊದಲು ಬೆಳಗುವ ಮನೆ ಅವರದಾಗುತ್ತದೆ, ತಿಂಗಳ ಮೇಲೆ ನೆರೆಯವರ ಮನೆಗಳು ಜೊತೆಗೂಡುತ್ತವೆ. ನಮ್ಮಲ್ಲೂ ತಿಥಿಗಳು ಹೀಗೆಯೇ ಕೈ ಹಿಡಿದು ನಡೆಯುತ್ತವೆ. 2025ರಲ್ಲಿ ಕಾರ್ತಿಕ ಅಮಾವಾಸ್ಯೆ ನವೆಂಬರ್ 20ಕ್ಕೆ ಬಂತು, ಕ್ರೈಸ್ತರ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 30ಕ್ಕೆ. ಬುಟ್ಟಿ ಇಳಿದ ಹತ್ತೇ ದಿನಕ್ಕೆ ನಕ್ಷತ್ರ ಏರುವ ಹೊತ್ತು. ಹೊಸ್ತಿಲಿಗೆ ಪೂಜೆ ಮಾಡುವ ಹೊಸ್ತಿಲ ಹುಣ್ಣಿಮೆ ಬರುವುದೂ ಡಿಸೆಂಬರಿನ ಆಸುಪಾಸಿಗೇ. 2023ರಲ್ಲಿ ಅದು ಡಿಸೆಂಬರ್ 26ಕ್ಕೆ, ಕ್ರಿಸ್‌ಮಸ್ಸಿನ ಮಾರನೇ ದಿನವೇ ಬಂದಿತ್ತು.

ಬರುವವರು ಯಾರು ಎಂದು ಈ ಸೀಮೆಯವರನ್ನು ಕೇಳಬೇಕಾಗಿಲ್ಲ. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಊರು, ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯುವ ಗ್ಯಾಂಗುಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವರು ಹಬ್ಬಕ್ಕೆಂದು ರಾತ್ರಿ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಕ್ರಿಸ್‌ಮಸ್‌ಗೂ ಬರುತ್ತಾರೆ. ಅವರು ಬರುವ ಹೊತ್ತಿಗೆ ಮನೆಯ ಮುಂದೆ ದೀಪ ಇರಲಿ. ಕಾರ್ತಿಕ ಮುಗಿದ ಮೇಲೆ ನಿಮ್ಮ ಸೀರಿಯಲ್ ಸೆಟ್ಟು ಗೋಣಿಚೀಲ ಸೇರುವ ಬದಲು, ಕ್ರಿಸ್‌ಮಸ್ ಮಾಡುವ ನೆರೆಮನೆಯ ಮಾಡಿಗೆ ಒಂದು ತಿಂಗಳು ಹೋಗಿ ಬರಲಿ. ಉರುಸಿಗೂ ಗಣೇಶನಿಗೂ ಅದೇ ಸೆಟ್ಟು ತಾನೇ ಹೋಗುವುದು?

ಇನ್ನೊಂದು ಮಾತು ನಕ್ಷತ್ರ ಕಟ್ಟಿದವರಿಗೆ. ಡಿಸೆಂಬರ್ 26ಕ್ಕೇ ಅದನ್ನು ಇಳಿಸಿಬಿಡುವವರಿದ್ದಾರೆ. ಕ್ರೈಸ್ತ ಪಂಚಾಂಗದಲ್ಲಿ ತಾರೆಯ ಬೆನ್ನು ಹಿಡಿದ ಜ್ಞಾನಿಗಳು ಕೊಟ್ಟಿಗೆ ಮುಟ್ಟುವ ಹಬ್ಬ ಜನವರಿ 6ಕ್ಕೆ. ಅವರು ಇನ್ನೂ ದಾರಿಯಲ್ಲಿದ್ದಾರೆ. ಅಲ್ಲಿಯವರೆಗೆ ನಕ್ಷತ್ರ ಇರಲಿ.